ಮೊದಲ ತುತ್ತು ಬೆಂಕಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಾಯ್ಲರಿನ ಕಬ್ಬಿಣದ ಬಾಗಿಲಿಗೆ ಮುಂಗೈ ತಾಗಿಸಿ ನಿಂತಿದ್ದಾರೆ, ಜ್ವರ ಬಿಟ್ಟಿದೆಯೋ ಇಲ್ಲವೋ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. “ಎದ್ಯಾ?” ಎಂದು ಕೇಳುತ್ತಾರೆ. ಬಾಗಿಲು ತೆರೆದು, ಹಿಂದಿನ ಸಂಜೆ ಹೊದಿಸಿಟ್ಟ ಬೂದಿಯನ್ನು ಉದ್ದನೆಯ ಸಲಾಕೆಯಿಂದ ಮೆಲ್ಲಗೆ ಸರಿಸುತ್ತಾರೆ. ಅಡಿಯಲ್ಲಿ ಕೆಂಡ ಕಣ್ಣು ಬಿಡುತ್ತದೆ. ನಾಲ್ಕು ಚಕ್ಕೆ, ಎರಡು ಸೌದೆ ಇಟ್ಟು, ಗಾಳಿಕಿಂಡಿಯ ಹಿಡಿಗೆ ಕೈ ಹಾಕುವ ಮುಂಚೆ “ಸ್ವಲ್ಪ ಬಾರಪ್ಪ” ಎಂದು ಗಾಳಿಯನ್ನೂ ಕರೆಯುತ್ತಾರೆ. ಗಾಳಿ ಬರುತ್ತದೆ. ಕರೆಯದಿದ್ದರೂ ಬರುತ್ತಿತ್ತೇನೋ. ಇವರ ಬಗ್ಗೆ ಲೇಖನ ಬರೆಯಲೆಂದು ಬೆಳಗಿನ ಜಾವಕ್ಕೇ ಎದ್ದು ಬಂದವಳು ನಾನು, ಜಗಳ ಕಾಯುವ ಉತ್ಸಾಹ ನನಗಿಲ್ಲ.

ಉರಿ ಹಿಡಿದ ಮೇಲೆ ಅವರು ಡಬ್ಬಿ ಬಿಚ್ಚುತ್ತಾರೆ. ಬ್ರೆಡ್ಡಿನ ನಡುವೆ ಹಿಸುಕಿದ ಆಲೂಗಡ್ಡೆ. ಒಂದು ಮೂಲೆ ಮುರಿದು ಬೆಂಕಿಯೊಳಗೆ ಹಾಕುತ್ತಾರೆ. ಅದು ಕಪ್ಪಾಗಿ, ಸುರುಟಿ, ಇಲ್ಲವಾಗುವ ತನಕ ಕಾದು, ಆಮೇಲೆ ತಾವು ತಿನ್ನಲು ಕೂರುತ್ತಾರೆ. ಕೈ ಮುಗಿಯುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮನೆಯಲ್ಲಿ ದೊಡ್ಡವರಿಗೆ ಬಡಿಸಿ ತಾವು ಉಣ್ಣುವವರ ನಿರಾಳ ಆ ಮುಖದಲ್ಲಿದೆ.

ಇವರನ್ನು ಇಲ್ಲಿ ಎಲ್ಲರೂ ಬಾಯ್ಲರಮ್ಮ ಎನ್ನುತ್ತಾರೆ. ಮೊದಲು ಗೇಲಿಗೆ ಇಟ್ಟ ಹೆಸರು, ಈಗ ಸಂಬಳದ ಚೀಟಿಯ ಮೇಲೂ ಅದೇ ಇದೆಯಂತೆ. ಎರಡು ಆಸ್ಪತ್ರೆ, ನಾಲ್ಕು ಹೋಟೆಲುಗಳಿಂದ ದಿನಕ್ಕೆ ಎರಡು ಸಾವಿರದಷ್ಟು ಹಾಸಿಗೆ ಬಟ್ಟೆ, ಟವೆಲ್ಲು, ನಿಲುವಂಗಿ ಬಂದು ಬೀಳುತ್ತವೆ. ಅವನ್ನು ಬೇಯಿಸುವ ನೀರು, ಒಣಗಿಸುವ ಬಿಸಿ, ಇಸ್ತ್ರಿ ಮಾಡುವ ಆವಿ ಎಲ್ಲ ಹೊರಡುವುದು ಈ ಶೆಡ್ಡಿನಿಂದಲೇ. ನೀವು ಎಂದಾದರೂ ಆಸ್ಪತ್ರೆಯಲ್ಲಿ ಮಲಗಿ, ಹೊದಿಕೆ ಗರಿಗರಿಯಾಗಿದೆ ಎಂದು ಸಮಾಧಾನಪಟ್ಟಿದ್ದರೆ, ನಿಮಗೆ ಗೊತ್ತಿಲ್ಲದೆ ಇಂಥ ಒಂದು ಬೆಂಕಿಯ ಋಣ ನಿಮ್ಮ ಮೇಲಿದೆ.

ಆ ಬೆಂಕಿಗೆ ಇದು ಕೊನೆಯ ವಾರ. ಬಾಯ್ಲರಿಗೆ ವಯಸ್ಸಾಗಿದೆ, ಒಳಗಿನ ಕೊಳವೆಗಳು ತೆಳುವಾಗಿವೆ. ಅಂಗಳದಲ್ಲಿ ನೀಲಿ ಟಾರ್ಪಾಲು ಹೊದ್ದು ಗ್ಯಾಸಿನ ಹೊಸ ಬಾಯ್ಲರ್ ಕಾದಿದೆ. ಶನಿವಾರ ಹಳೆಯದು ನಿಲ್ಲುತ್ತದೆ, ಸೋಮವಾರ ಹೊಸದು ಶುರು. ಬಾಯ್ಲರಮ್ಮನ ಕೆಲಸಕ್ಕೇನೂ ಕುತ್ತಿಲ್ಲ. ಬಾಯ್ಲರ್ ನಡೆಸುವ ಪರೀಕ್ಷೆ ಪಾಸಾದವರು ಅವರು, ಹೊಸದನ್ನೂ ನೀವೇ ನೋಡಿಕೊಳ್ಳಿ ಎಂದಿದ್ದಾರೆ ಯಜಮಾನರು. ಇವರೇ ಇನ್ನೂ ಹೂಂ ಅಂದಿಲ್ಲ.

“ನೋಡಿ ಹೇಳ್ತೀನಿ ಅಂದಿದ್ದೀನಿ.”

ಏನನ್ನು ನೋಡಬೇಕು?

“ಅದಕ್ಕೆ ಬಾಯಿ ಎಲ್ಲಿದೆ ಅಂತ. ಬಾಯಿ ಇಲ್ಲದ್ದಕ್ಕೆ ಉಣ್ಣಿಸೋದು ಹೇಗೆ? ಅದಕ್ಕೆ ಉಣ್ಣಿಸ್ದೆ ನಾನು ತಿನ್ನೋದು ಹೇಗೆ?”

ಇದು ತಮಾಷೆಯಲ್ಲ. ತಾಯಿಯಿಲ್ಲದ ಇವರನ್ನು ಸಾಕಿದವಳು ಅಜ್ಜಿ. ಯಾರ ಬಿಸಿಯಿಂದ ಊಟ ಬಂತೋ ಅವರದು ಮೊದಲ ತುತ್ತು, ಇದೊಂದೇ ಅಜ್ಜಿ ಹೇಳಿಕೊಟ್ಟ ಶಾಸ್ತ್ರ. ನೀರಿಗೆ ಉಗಿಯಬಾರದು, ಬೆಂಕಿಯನ್ನು ಬೈಯಬಾರದು, ಬೂದಿಯನ್ನು ಮಣ್ಣಿಗೆ ಹಿಂದಿರುಗಿಸಬೇಕು ಎಂಬುವೆಲ್ಲ ಅದರ ಮರಿಗಳು. ಬೂದಿ ಸುರಿಯುವ ಗೋಡೆಯ ಬುಡದಲ್ಲಿ ಯಾರೂ ಬಿತ್ತದ ಟೊಮೆಟೊ ಗಿಡಗಳು ಎದೆಮಟ್ಟ ಬೆಳೆದು ನಿಂತಿವೆ. ಸೂರ್ಯ ಶೆಡ್ಡಿನ ಸಂದಿಯಲ್ಲಿ ಇಣುಕಿದಾಗ ಬಾಯ್ಲರಮ್ಮ ತಲೆಯೆತ್ತಿ, “ಬಂದ್ರು ನೋಡಿ, ಇವಳ ಅಜ್ಜ” ಎಂದು ನನಗೆ ಪರಿಚಯ ಮಾಡಿಸುತ್ತಾರೆ. ಇವಳು ಎಂದರೆ ಬೆಂಕಿ.

ನೀರಿಗೂ ಬೆಂಕಿಗೂ ಏನು ಸಂಬಂಧ ಎಂದು ಕೇಳುತ್ತೇನೆ.

“ಅತ್ತೆ ಸೊಸೆ. ಒಂದೇ ಮನೇಲಿ ಇರಬೇಕು, ಮೈ ಮುಟ್ಟಬಾರದು. ನಡುವೆ ಕಬ್ಬಿಣದ ಗೋಡೆ ಇದ್ರೆ ಆವಿ ಬರುತ್ತೆ, ಲೋಕಕ್ಕೆ ಉಪಕಾರ. ಗೋಡೆ ತೂತಾಯ್ತೋ, ರಣರಂಪ.”

ಇದಕ್ಕೆ ಯಾವ ಧರ್ಮ ಎನ್ನುತ್ತೀರಿ ಎಂದರೆ ಅವರಿಗೆ ಸ್ವಲ್ಪ ಬೇಸರವಾಗುತ್ತದೆ. “ಹೆಸರಿಲ್ಲ. ಹೆಸರಿಟ್ರೆ ನಾಳೆ ಅದಕ್ಕೊಂದು ಆಫೀಸು, ಒಬ್ಬ ಅಧ್ಯಕ್ಷ ಆಗ್ತಾನೆ. ಯಾರಾದ್ರೂ ಕರೆದ್ರೆ ಎಲ್ಲರ ದೇವರ ಹತ್ರನೂ ಹೋಗಿ ಬರ್ತೀನಿ. ಅಲ್ಲೆಲ್ಲ ಸಾಲು ನಿಲ್ಲಬೇಕು. ಇಲ್ಲಿ ನಾನೇ ಮೊದಲು, ನಾನೇ ಕೊನೆ.”

ಇದನ್ನೆಲ್ಲ ಸಹಿಸದೆ ಗೇಲಿ ಮಾಡಿ ನಗುವ ಒಬ್ಬರು ಗೋಡೆಯಾಚೆ ಇದ್ದಾರೆ. ಆವಿಯ ಇಸ್ತ್ರಿ ಯಂತ್ರದ ಮುಂದೆ ದಿನವಿಡೀ ನಿಲ್ಲುವ ಅವರು ಬಾಯ್ಲರಮ್ಮನ ನಾದಿನಿ, ತೀರಿಕೊಂಡ ಗಂಡನ ತಂಗಿ. ಇಬ್ಬರೂ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇರುತ್ತಾರೆ, ಒಂದೇ ಬಸ್ಸಿನಲ್ಲಿ ಬರುತ್ತಾರೆ, ದಾರಿಯುದ್ದಕ್ಕೂ ವಾದ ಮಾಡುತ್ತಾರೆ. “ಮನೇಲಿ ಒಂದಿನ ನನ್ನ ಬಾಯಿಗೆ ಒಂದು ತುತ್ತು ಇಟ್ಟವಳಲ್ಲ. ಇಲ್ಲಿ ಬಂದು ಬೆಂಕಿಗೆ ತಿನ್ನಿಸ್ತಾಳೆ” ಎಂದು ನಾದಿನಿ ನನ್ನಲ್ಲಿ ದೂರುತ್ತಾರೆ.

ಹೊಟ್ಟೆಕಿಚ್ಚಾ ಎಂದು ಕೆಣಕುತ್ತೇನೆ.

“ಕಿಚ್ಚಿನ ಮೇಲೇ ಹೊಟ್ಟೆಕಿಚ್ಚು! ನನ್ನ ಹಣೆಬರಹ ನೋಡಿ.”

ಈ ಬಾಯ್ಲರಿಗೆ ಮೊದಲು ಬೆಂಕಿ ಹಾಕುತ್ತಿದ್ದವರು ಆ ಗಂಡನೇ. ಎದೆಯ ಕಾಯಿಲೆ ಬಂದು ಆಸ್ಪತ್ರೆ ಸೇರಿದಾಗ ಹೆಂಡತಿಯನ್ನು ಕರೆದು, ಬೆಂಕಿ ನೋಡ್ಕೋ ಎಂದರಂತೆ. ಮಕ್ಕಳಿಲ್ಲದ ಮನೆ, ನೋಡಿಕೊಳ್ಳಲು ಇದ್ದದ್ದು ಅದೊಂದೇ. ಅವರು ವಾಪಸು ಬರಲಿಲ್ಲ. ಅಂದು ದೊಡ್ಡ ಯಜಮಾನರು ಹೆಂಗಸನ್ನು ಬಾಯ್ಲರಿಗೆ ಹಾಕಲು ಒಪ್ಪಿರಲಿಲ್ಲ. ಇವರು ಸಲಾಕೆ ಕೆಳಗಿಡಲಿಲ್ಲ. ಆಗಿನಿಂದ ಈ ಬೆಂಕಿ ಪೂರ್ತಿ ಸತ್ತದ್ದಿಲ್ಲ. ವರ್ಷಕ್ಕೊಮ್ಮೆ ಬಾಯ್ಲರ್ ತೊಳೆಯುವಾಗಲೂ ಕೆಂಡವನ್ನು ಕಬ್ಬಿಣದ ಬಕೆಟ್ಟಿಗೆ ತೆಗೆದು, ಬೂದಿ ಮುಚ್ಚಿ, ಪಕ್ಕದಲ್ಲೇ ಇಟ್ಟುಕೊಂಡು ಕಾದಿದ್ದಾರೆ. ವಾರದ ರಜೆಯ ದಿನ ಎಲ್ಲರೂ ಕಾಲು ಚಾಚಿ ಮಲಗಿದ್ದರೆ ಇವರು ಬಸ್ಸು ಹತ್ತಿ ಬಂದು ಕೆಂಡ ಮಗುಚಿ ಹೋಗುತ್ತಾರೆ.

ಅವರ ಬಲಗೈಯಲ್ಲಿ ಮೊಣಕೈವರೆಗೂ ಹಳೆಯ ಸುಟ್ಟ ಗಾಯವಿದೆ. “ಅವಳ ತಪ್ಪಲ್ಲ. ನಾನು ಮಾತಾಡ್ತಾ ಬಾಗಿಲು ತೆಗೆದೆ.”

ಮಾತು ಎಂದಾಗ ಒಂದು ಕಥೆ ನೆನಪಾಗಿ ಸಣ್ಣ ಯಜಮಾನರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ದೊಡ್ಡವರ ಮಗ, ಈಗ ಲಾಂಡ್ರಿ ನಡೆಸುವವರು. ಕಾಲೇಜು ಮುಗಿಸಿ ಮೊದಲ ಸಲ ಶೆಡ್ಡಿಗೆ ಬಂದಿದ್ದ ದಿನಗಳು. ಒತ್ತಡದ ಮುಳ್ಳು ಏರುತ್ತಿತ್ತು. ನೀರಿನ ಪಂಪಿನ ಹತ್ತಿರ ಸಿಕ್ಕಿಕೊಂಡಿದ್ದ ಬಾಯ್ಲರಮ್ಮ ಅಲ್ಲಿಂದಲೇ, “ಬೆಂಕಿ ದೊಡ್ಡದು ಮಾಡಿ! ಬೇಗ ದೊಡ್ಡದು ಮಾಡಿ!” ಎಂದು ಕೂಗಿದರು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಇದು ಅಜ್ಜಿಯರ ಕಾಲದ ಮಾತು, ಅವರ ನಾಲಿಗೆಗೆ ಬೇರೆ ಮಾತು ಬರುವುದಿಲ್ಲ. ಸಣ್ಣ ಯಜಮಾನರು ವಿಧೇಯರಾಗಿ ಎರಡು ತೋಳು ತುಂಬ ಸೌದೆ ತುರುಕಿದರು.

“ಸೇಫ್ಟಿ ವಾಲ್ವು ಕಿರುಚಿದ್ದಕ್ಕೆ ಬೀದಿಗೆ ಬೀದಿಯೇ ಎದ್ದು ಬಂತು,” ಎಂದು ಅವರು ಹೊಟ್ಟೆ ಹಿಡಿದು ನಗುತ್ತಾರೆ.

“ತಪ್ಪು ನಂದೇ. ಬಾಯ್ಲರು ದೀಪ ಅಲ್ವಲ್ಲ,” ಎನ್ನುತ್ತಾರೆ ಬಾಯ್ಲರಮ್ಮ. ಆಮೇಲಿಂದ ಈ ಶೆಡ್ಡಿನಲ್ಲಿ ಬೆಂಕಿಯನ್ನು ಮಲಗಿಸುತ್ತಾರೆ. ಆರಿಸುವ ಮಾತು ಈಗಲೂ ಇಲ್ಲ.

ಶನಿವಾರ ಸಂಜೆ ಮತ್ತೆ ಹೋಗುತ್ತೇನೆ. ಇವತ್ತು ಬೂದಿ ಹೊದಿಸುವುದಿಲ್ಲ, ಕೆಂಡವನ್ನೆಲ್ಲ ಹೊರಗೆಳೆದು ಹರಡಬೇಕು. ನಾದಿನಿ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಆ ಕಬ್ಬಿಣದ ಬಕೆಟ್ಟಿದೆ. ಇಷ್ಟು ವರ್ಷ ನಕ್ಕವರು ಇಂದು ನಗುತ್ತಿಲ್ಲ.

“ಸ್ವಲ್ಪ ಮನೆಗೆ ತಗೊಂಡ್ಹೋಗೋಣ ಅತ್ತಿಗೆ. ಅಣ್ಣ ಹಚ್ಚಿದ ಬೆಂಕಿ.”

ನಾನೂ ಅದನ್ನೇ ನಿರೀಕ್ಷಿಸಿದ್ದೆ. ಕೆಂಡ ಹೊತ್ತು ಮನೆಗೆ ನಡೆಯುವ ಇಬ್ಬರು ಹೆಂಗಸರು, ಲೇಖನಕ್ಕೆ ಎಂಥ ಚಿತ್ರ! ಬಾಯ್ಲರಮ್ಮ ತಲೆಯಾಡಿಸುತ್ತಾರೆ.

“ಮನೇಲಿ ಅದಕ್ಕೇನು ಕೆಲಸ ಇದೆ? ಇಷ್ಟು ದಿನ ದುಡಿದಿರೋದನ್ನ ಮೂಲೇಲಿ ಕೂರಿಸಿ ನೋಡ್ತಾ ಇರೋದಾ? ಕೆಲಸ ಇಲ್ಲದ ಬೆಂಕಿ ಮನೆ ಸುಡುತ್ತೆ.”

ನಾದಿನಿ ಬಕೆಟ್ಟನ್ನು ಸದ್ದಾಗುವಂತೆ ಕೆಳಗಿಟ್ಟು ಹೊರಟುಹೋಗುತ್ತಾರೆ. ಬಾಯ್ಲರಮ್ಮ ಅತ್ತ ನೋಡದೆ ಕೆಂಡವನ್ನು ಸಿಮೆಂಟಿನ ನೆಲದ ಮೇಲೆ ಎಳೆದು ಹರಡುತ್ತಾರೆ. ಒಂದೊಂದೇ ಕಪ್ಪಾಗುತ್ತವೆ. ಮಲಗು ಎನ್ನಲು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸುತ್ತಾರೆ. ಮಲಗಿದ್ದನ್ನು ನಾಳೆ ಎಬ್ಬಿಸಬೇಕಾಗುತ್ತದೆ, ಇದನ್ನು ಎಬ್ಬಿಸುವುದಿಲ್ಲ. ಕೊನೆಯ ಕೆಂಡ ಇನ್ನೂ ಮಿಣುಕುತ್ತಿರುವಾಗ, ಮನೆಯಿಂದ ಹೊರಡುವವರಿಗೆ ಹೇಳುವ ಮಾತನ್ನೇ ಹೇಳುತ್ತಾರೆ.

“ಹೋಗಿ ಬಾ.”

ಗ್ಯಾಸ್ ಲೈಟರ್ ಕೈಕೊಟ್ಟರೆ ಶಾಪ ಹಾಕುವ ಜನ ನಾನು. ಆದರೂ ಆ ಕೊನೆಯ ಕೆಂಡ ಕಪ್ಪಾಗುವ ತನಕ ನಾನೂ ಅಲ್ಲೇ ನಿಂತಿದ್ದೆ, ಮುಚ್ಚಿಡುವುದೇಕೆ.

ಬುಧವಾರ ನಾದಿನಿಯ ಫೋನು ಬರುತ್ತದೆ. “ಸೋಮವಾರದಿಂದ ಡಬ್ಬಿ ಹಾಗೇ ವಾಪಸು ಬರ್ತಿದೆ. ಸಂಜೆ ಮನೇಲಿ ತಿಂತಾಳೆ, ಇಲ್ಲಿ ಮುಟ್ಟಲ್ಲ. ಈ ವಾರ ನೋಡಿ ಕೆಲಸ ಬಿಟ್ಟುಬಿಡ್ತೀನಿ ಅಂತಿದ್ದಾಳೆ. ನೀವು ಬಂದ್ರೆ ಮಾತಾಡ್ತಾಳೆ, ಬನ್ನಿ.”

ಮರುದಿನ ಬೆಳಿಗ್ಗೆ ಶೆಡ್ಡು ಗುರುತು ಸಿಗದಷ್ಟು ಚೊಕ್ಕಟವಾಗಿದೆ. ಬಿಳಿ ಬಣ್ಣದ, ಬೀರುವಿನಂಥ ಯಂತ್ರ. ಸೌದೆಯಿಲ್ಲ, ಬೂದಿಯಿಲ್ಲ. ಬಾಯ್ಲರಮ್ಮ ಮೊದಲ ದಿನ, ಇದಕ್ಕೆ ಬಾಯಿ ಎಲ್ಲಿ ಎಂದು ಕೇಳಿದಾಗ, ಬಂದಿದ್ದ ಮೆಕ್ಯಾನಿಕ್ಕು ನೀರು ತುಂಬುವ ನಲ್ಲಿ ತೋರಿಸಿದನಂತೆ. ಈಗ ಅವರು ಗುಂಡಿ ಒತ್ತುತ್ತಾರೆ. ಟಿಕ್ ಟಿಕ್ ಎಂದು, ಆಮೇಲೆ ಬುಸ್ಸೆಂದು ಏನೋ ಹತ್ತಿಕೊಳ್ಳುತ್ತದೆ. ಮುಂಭಾಗದಲ್ಲಿ ನಾಣ್ಯದಷ್ಟಗಲದ ಗಾಜಿನ ಕಿಂಡಿಯಿದೆ. ಅವರು ಬಗ್ಗಿ ಒಳಗೆ ನೋಡುತ್ತಾರೆ. ಅಲ್ಲಿ ನೀಲಿ ಉರಿ ನೆಟ್ಟಗೆ ನಿಂತಿದೆ.

“ಮೂರು ದಿನದಿಂದ ನೋಡ್ತಿದ್ದೀನಿ, ಅವಳೇನಾ ಅಲ್ವಾ ಅಂತ. ಬಣ್ಣ ಬೇರೆ. ಊರು ಸುತ್ತಿ ಬಂದವರು ಬಟ್ಟೆ ಬದಲಾಯಿಸಿರ್ತಾರಲ್ಲ, ಹಾಗಿರಬಹುದು.” ಗಾಜಿನ ಪಕ್ಕ ಮುಂಗೈ ಇಟ್ಟು ಬಿಸಿ ನೋಡುತ್ತಾರೆ. ಆಮೇಲೆ, ತೀರಾ ಸಣ್ಣ ದನಿಯಲ್ಲಿ, “ಬಂದ್ಯಾ?”

ಬಂದಳೆಂದೇ ಕಾಣುತ್ತದೆ, ಮುಖ ಸಡಿಲಾಗುತ್ತದೆ. ಆದರೆ ಡಬ್ಬಿ ಬಿಚ್ಚುವುದಿಲ್ಲ. ಬಂದವಳಿಗೆ ಬಾಯಿಲ್ಲ. ಗಾಜಿಗೆ ಬ್ರೆಡ್ಡು ಅಂಟಿಸಲಾಗುತ್ತದೆಯೇ?

ಆವಿ ಏರುತ್ತದೆ, ಕೊಳವೆ ಕಟಕಟ ಎನ್ನುತ್ತದೆ. ಅಭ್ಯಾಸಬಲದಿಂದ ಬಾಯ್ಲರಮ್ಮ ಕೊಳವೆಗೆ ಮುಂಗೈ ತೋರಿಸುತ್ತ, ಬಿಸಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡುತ್ತ ನಡೆಯುತ್ತಾರೆ. ಇವತ್ತು ಮಾತ್ರ ಗೋಡೆಯ ಬಳಿ ತಿರುಗಿ ಬರುವುದಿಲ್ಲ. ಬಾಗಿಲು ದಾಟುತ್ತಾರೆ. ಡಬ್ಬಿ ಕಂಕುಳಲ್ಲೇ ಇದೆ. ನಾನೂ ಹಿಂದೆಯೇ ಹೋಗುತ್ತೇನೆ. ಕೊಳವೆ ಗೋಡೆಗುಂಟ ಸಾಗಿ, ಬಾಗಿ, ಇಸ್ತ್ರಿ ಯಂತ್ರದೊಳಗೆ ಇಳಿಯುತ್ತದೆ. ಅದರ ಹಿಡಿಯ ಮೇಲೆ ನಾದಿನಿಯ ಎರಡೂ ಕೈಗಳಿವೆ. ಆಸ್ಪತ್ರೆಯ ಹೊದಿಕೆಯೊಂದು ಹಬೆಯಾಡುತ್ತ ನುಣುಪಾಗಿ ಹೊರಬರುತ್ತಿದೆ.

ಬಾಯ್ಲರಮ್ಮ ನಿಂತು, ಕೊಳವೆಯನ್ನೂ ಆ ಕೈಗಳನ್ನೂ ನೋಡುತ್ತಾರೆ. ಡಬ್ಬಿ ಬಿಚ್ಚಿ, ಬ್ರೆಡ್ಡಿನ ಒಂದು ಮೂಲೆ ಮುರಿಯುತ್ತಾರೆ.

“ಬಾಯಿ ತೆಗಿ.”

“ಯಾಕೆ? ನನಗೇನು ಬಂತು?”

“ತೆಗಿ ಅಂದೆ.”

ನಾದಿನಿ ನನ್ನತ್ತ ಒಮ್ಮೆ ನೋಡಿ ಬಾಯಿ ತೆರೆಯುತ್ತಾರೆ. ಬಾಯ್ಲರಮ್ಮ ತುತ್ತು ಇಟ್ಟು, ಬೆಂಕಿಯ ಮುಂದೆ ಕಾಯುತ್ತಿದ್ದ ಹಾಗೆಯೇ, ಅದು ಪೂರ್ತಿ ಇಳಿಯುವ ತನಕ ಕಾಯುತ್ತಾರೆ. ನಾದಿನಿ ಅಗಿದು, ನುಂಗಿ, ಮೂತಿ ಸೊಟ್ಟ ಮಾಡುತ್ತಾರೆ.

“ಉಪ್ಪು ಕಮ್ಮಿ.”

ಬಾಯ್ಲರಮ್ಮ ಎರಡನೆಯ ತುತ್ತನ್ನು ತಮ್ಮ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯುತ್ತಾರೆ.

“ಹೌದು ಕಣೇ, ಕಮ್ಮಿನೇ. ಇಷ್ಟು ವರ್ಷ ತಿಂದಳಲ್ಲ ಅವಳು, ಒಂದಿನಾನೂ ಹೇಳಲಿಲ್ಲ ನೋಡು.”