ಗಡಿಯಾಚೆ ಸಿಕ್ಕ ಹನ್ನೊಂದು ಮಂದಿ

ಸೈದಾಪುರ ನಿಲ್ದಾಣದಲ್ಲಿ ಗಡಿಯಾಚೆಯಿಂದ ಬರುವ ರೈಲಿಗೆ ಕಾಯುತ್ತ ಆರೋಗ್ಯ ನಿರೀಕ್ಷಕ ಮಲ್ಲಪ್ಪ ನನ್ನ ಪಕ್ಕದಲ್ಲಿ ಕೂತಿದ್ದರು. ಶಹಾಪುರದ ಕಾಲುವೆ ಗದ್ದೆಗಳಿಗೆ ನಾಟಿಗೆಂದು ಬಂದಿದ್ದ ತೆಲಂಗಾಣದ ಹನ್ನೊಂದು ಹೆಂಗಸರು, ಬಿಡಾರದಲ್ಲಿ ಕಾಲರಾ ಕಾಣಿಸಿಕೊಂಡೊಡನೆ ಹೆದರಿ ಊರಿಗೆ ಹೋಗಿಬಿಟ್ಟಿದ್ದರಂತೆ. ಅವರ ಹೆಸರುಗಳನ್ನು ಮಲ್ಲಪ್ಪ ಆಚೆಯ ಆರೋಗ್ಯ ಇಲಾಖೆಗೆ ಫೋನಿನಲ್ಲಿ ಓದಿ ಹೇಳಿದ್ದರು.

ರೈಲಿನಿಂದ ಅಲ್ಲಿಯ ನರ್ಸ್ ಇಳಿದರು.

“ಗುಡಿ ಮೈಕಿನಾಗ ಹೆಸರು ಕೂಗಿಸಿದ್ವಿ ಸಾರ್. ಹನ್ನೊಂದೂ ಮಂದಿ ಸಿಕ್ಕಾರ. ನಾಲ್ಕು ಮಂದಿಗೆ ಸಲೈನ್ ಹಚ್ಚಬೇಕಾತು.”

“ಬಸುರಿ ನರಸಮ್ಮ?” ಮಲ್ಲಪ್ಪ ಎದ್ದು ನಿಂತು ಕೇಳಿದರು.

“ಆಕಿಗೇ ಭಾಳ ಆಗಿತ್ರಿ. ಈಗ ಎದ್ದು ಕುಂತು ಗಂಜಿ ಕುಡಿಯಾಕತ್ತಾಳ. ಕೂಸೂ ಹೊಟ್ಟ್ಯಾಗ ಒದಿಯಾಕತ್ತದಂತ!”

ಮಲ್ಲಪ್ಪ ತಮ್ಮ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿ, “ಎಲ್ಲಾರೂ ಉಳದಾರ್ರಿ!” ಎಂದು ಕೂಗಿದರು. ಏನು ಎತ್ತ ತಿಳಿಯದ ಎದುರು ಪ್ಲಾಟ್‌ಫಾರ್ಮಿನ ಜನವೂ ನಗತೊಡಗಿತು.