ಶಕುಂತಲಮ್ಮ ಮೇಡಂ ಹೇಳಿದ್ದು

ಶಕುಂತಲಮ್ಮ ಹೆಬ್ಬೂರಿನ ಕಡೆ ಮೂವತ್ತನಾಲ್ಕು ವರ್ಷ ಸ್ಕೂಲ್ ಮೇಡಂ ಆಗಿದ್ದು, ರಿಟೈರಾದ ಮೇಲೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮಗನ ಮನೆ ಸೇರಿದವರು. ಕೆಲಸ ಹೋದರೂ ಗತ್ತು ಹೋಗಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೂ ಕರೆದು ಉಚ್ಚಾರಣೆ ತಿದ್ದುವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊಮ್ಮಗಳು ಕಾವ್ಯಳಿಗೆ ಎಂಟು ವರ್ಷ. ಡಾಕ್ಟರು ಆಟಿಸಂ ಎಂದಿದ್ದರು. ಮೇಡಂ ಪ್ರಕಾರ ಅದೆಲ್ಲ ಸೊಸೆ ಸುಮನಾ ಮುದ್ದು ಮಾಡಿ ಕೆಡಿಸಿದ್ದು. ಸುಮನಾ ಒಂದೊಂದು ಕೆಲಸಕ್ಕೂ ಒಂದೊಂದು ಚಿತ್ರ ಬರೆದು, ಒಂದು ಮುಗಿದ ಮೇಲೆ ಇನ್ನೊಂದು ತೋರಿಸುವಳು. ಹಾಗೆ ಹೇಳಿದರೆ ಕಾವ್ಯ ಕೂತು ಬರೆಯುತ್ತಿದ್ದಳು. ಅತ್ತೆಯೋ, ನಲವತ್ತು ಮಕ್ಕಳ ಕ್ಲಾಸಿಗೆ ಕೂಗಿದ ಹಾಗೆ ಕೂಗುವರು.

"ಬ್ಯಾಗ್ ತೆಗಿ, ನೋಟ್‌ಬುಕ್ ತೆಗಿ, ಡೇಟ್ ಹಾಕು, ಮಗ್ಗಿ ಬರಿ, ಹ್ಞೂಂ, ಬೇಗ!"

ಕಾವ್ಯ ಕಿವಿ ಮುಚ್ಚಿಕೊಂಡು ಮೂಲೆ ಸೇರುವಳು. "ನೋಡ್ದೇನೇ ಸುಮನಾ, ಹೇಳಿದ್ ಒಂದೂ ಕೇಳಲ್ಲ ನಿನ್ ಮಗ್ಳು" ಎಂದು ಮೇಡಂಗೆ ಗೆದ್ದಷ್ಟು ಖುಷಿ.

ಮುಂದಿನ ವರ್ಷ ಕಾವ್ಯಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಶಾಲೆಯವರು ಅನುಮಾನಿಸುತ್ತಿದ್ದರು. ಹೆಡ್‌ಮಾಸ್ಟರ್ ಚನ್ನೇಶ್ ಶಕುಂತಲಮ್ಮನ ಹಳೆಯ ಶಿಷ್ಯ. "ಸೋಮವಾರ ನೀವೇ ಬಂದ್ಬುಡಿ ಮೇಡಂ, ನೀವು ಹೇಳ್ದಂಗೆ" ಎಂದಿದ್ದ. ಟಿಸಿ ತೆಗೆಸಿಬಿಡುವುದೆಂದು ಮೇಡಂ ತೀರ್ಮಾನಿಸಿಯಾಗಿತ್ತು. ಸುಮನಾ ಅತ್ತಳು, ಕೈ ಮುಗಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮಗ ಪ್ರಭುದೇವ ಎಂದಿನಂತೆ ಫೋನು ನೋಡುತ್ತಾ ಕೂತಿದ್ದ, ಪುಣ್ಯಾತ್ಮ.

ಶನಿವಾರ ಮಧ್ಯಾಹ್ನ ಅಕ್ಕನ ಬಳಗದ ಹೆಂಗಸರ ಮುಂದೆ ಶಕುಂತಲಮ್ಮನ ಭಾಷಣ. ವಿಷಯ, ಮಕ್ಕಳಿಗೆ ಸಂಸ್ಕಾರ. ಪ್ರಭುದೇವ ಊರಲ್ಲಿರಲಿಲ್ಲ, ಸುಮನಾ ಸತ್ಯಮಂಗಲದ ಫ್ಯಾಕ್ಟರಿಯಿಂದ ಇನ್ನೂ ಬಂದಿರಲಿಲ್ಲ. ಹೊತ್ತಾಯಿತೆಂಬ ಅವಸರದಲ್ಲಿ ಮೇಡಂ ಬಾಯಿಂದ ಅವತ್ತು ಉದ್ದದ ಪಟ್ಟಿ ಬರಲಿಲ್ಲ.

"ನಾನ್ ಬರೋವರ್ಗೂ ಏಳ್ಬೇಡ. ಎರಡರ ಮಗ್ಗಿ ಬರೀತಾ ಇರು."

ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ಎಂಥ ಅಜ್ಜಿಯೋ!

ಎರಡು ಗಂಟೆ ಕಳೆದು ಶಾಲು, ಹಾರದ ಸಮೇತ ಬಂದಾಗ ಸುಮನಾ ಬೀಗದ ಕೈ ಇಲ್ಲದೆ ಬಾಗಿಲಲ್ಲೇ ನಿಂತಿದ್ದಳು. ಬೀಗ ತೆಗೆದರು. ಕಾವ್ಯ ಚಾಪೆಯ ಮೇಲೆ, ಕೂರಿಸಿದ ಜಾಗದಲ್ಲೇ ಇದ್ದಳು. ನೋಟ್‌ಬುಕ್ಕಿನ ಹಾಳೆ ಮುಗಿದು, ರಟ್ಟೂ ಮುಗಿದು, ಕೈಗೆಟಕುವಷ್ಟು ನೆಲದ ಮೇಲೆಲ್ಲ ಎರಡರ ಮಗ್ಗಿ. ಲಂಗ ಒದ್ದೆ, ಚಾಪೆ ಒದ್ದೆ.

"ಅಜ್ಜಿ, ಈಗ ಏಳ್ಲಾ?"

ಜೋಮು ಹಿಡಿದ ಕಾಲಲ್ಲಿ ಅವಳಿಗೆ ಏಳಲಾಗಲಿಲ್ಲ. ಸುಮನಾ ಎತ್ತಿಕೊಂಡು ಬಚ್ಚಲಿಗೆ ಹೋದಳು. ಅತ್ತೆಯ ಮುಖ ಸಹ ನೋಡಲಿಲ್ಲ.

ಸೋಮವಾರ ಚನ್ನೇಶ್ ಕುರ್ಚಿ ಎಳೆದು ಕೂರಿಸಿ ಕೇಳಿದ, "ಮಗು ಹೇಳಿದ್ ಮಾತು ಕೇಳುತ್ತಾ ಮೇಡಂ?"

ಶಕುಂತಲಮ್ಮ ತಲೆ ತಗ್ಗಿಸಿಯೇ ಹೇಳಿದರು.

"ಕೇಳುತ್ತಪ್ಪ. ನಂಗೇ ಹೇಳೋಕ್ ಬರ್ತಿರ್ಲಿಲ್ಲ. ಇಟ್ಕೋ. ಹೆಂಗ್ ಹೇಳ್ಬೇಕು ಅಂತ ಅವ್ಳ ಅಮ್ಮನ್ನ ಕೇಳು."

ಇಷ್ಟು ಪಾಠ ಮೇಡಂ ತಲೆಗೆ ಹತ್ತಲು, ಎಂಟು ವರ್ಷದ ಮಗು ಎರಡು ಗಂಟೆ ಉಚ್ಚೆಯಲ್ಲಿ ಕೂರಬೇಕಾಯಿತು.