ಗೌಡರ ವಿದೇಶಾಂಗ ನೀತಿ

ರೇಷ್ಮೆಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಹುಳು ಮನೆಗಳ ತಪಾಸಣೆಗೆ ನಾನು ಮರಳವಾಡಿ ಕಡೆ ತಿರುಗುತ್ತಿದ್ದೆ. ಅಲ್ಲೊಬ್ಬ ಗೌಡರು ಹುಳುವಿಗಿಂತ ಹೆಚ್ಚಾಗಿ ದೇಶವನ್ನು ಸಾಕುತ್ತಿದ್ದರು.

"ಪಕ್ಕದ ದೇಶದಲ್ಲಿ ಜಗಳ ಆದ್ರೆ ನಮ್ ಮಿಲಿಟ್ರಿ ಯಾಕೆ ಸಮುದ್ರ ದಾಟ್ಬೇಕು? ಅವರ ಹೊಟ್ಟೆಗೆ ನಮ್ ಅಕ್ಕಿ ಯಾಕೆ? ನಮ್ಮನೆ ನಾವು ಭದ್ರ ಮಾಡ್ಕಂಡ್ರೆ ಸಾಕು ಕಣ್ ಸಾ."

ಭದ್ರವೇನೋ ಮಾಡಿಕೊಂಡಿದ್ದರು. ಊಜಿ ನೊಣ ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಹೋಯಿತೆಂದು ಪ್ರತಿ ಕಿಟಕಿಗೂ ಪರದೆ ಬಡಿದಿದ್ದರು. ಆದರೆ ಪಕ್ಕದ ಚಿಕ್ಕಣ್ಣನ ಹುಳು ಮನೆಗೂ ಇವರದಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಅದು ಹೆಂಚಿನವರೆಗೆ ಮುಟ್ಟಿರಲಿಲ್ಲ. ಚಿಕ್ಕಣ್ಣನ ಕಿಟಕಿಗಳಿಗೆ ಪರದೆಯೂ ಇರಲಿಲ್ಲ.

"ಮಿಕ್ಕಿರೋ ಪರದೆ ಚಿಕ್ಕಣ್ಣನಿಗೆ ಕೊಡಿ" ಎಂದೆ.

"ಅವನ್ ಕಿಟಕಿಗೆ ನನ್ ಪರದೆಯಾ? ಒಸಿ ನ್ಯಾಯ ಹೇಳಿ ಸಾ!"

ಗೋಡೆಯ ಮೇಲಿನ ಸಂದಿಯಿಂದ ಚಿಕ್ಕಣ್ಣನ ದನಿ ಸಲೀಸಾಗಿ ಬಂತು: "ಬ್ಯಾಡ ಬುಡ್ಲಾ, ನೀನೇ ಹೊದ್ಕಂಡು ಮನಿಕ್ಕೋ!"

ಮುಂದಿನ ಸಲ ಹೋದಾಗ ಎರಡೂ ಮನೆಯ ಹುಳುಗಳ ಮೈಮೇಲೆ ಊಜಿ ತಗುಲಿದ ಗುರುತಿನ ಕಪ್ಪು ಚುಕ್ಕೆ ಎದ್ದಿತ್ತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳನ್ನು ಗೌಡರು ಗುಂಡಿಗೆ ಸುರಿಯುತ್ತಿದ್ದರು. ಕಿಟಕಿಯ ಪರದೆ ಒಂದೂ ಹರಿದಿರಲಿಲ್ಲ.

"ನೊಣ ಹೇಗೆ ಬಂತು ಗೌಡ್ರೇ?"

ಗೌಡರು ಗೋಡೆಯ ಕಡೆ ತಲೆಯೆತ್ತಲಿಲ್ಲ. ದನಿ ತಗ್ಗಿಸಿ ಹೇಳಿದರು: "ಸಾ, ಇದ್ರಲ್ಲಿ ವಿದೇಶಿ ಕೈವಾಡ ಐತೆ."

ಅದು ಸುಳ್ಳೇನಲ್ಲ. ಅವರ ಮಟ್ಟಿಗೆ ವಿದೇಶ ಆ ಗೋಡೆಯಿಂದಲೇ ಶುರುವಾಗುತ್ತಿತ್ತು.